ಮತ್ತೆ ತೆಗೆದ ಸೀಸೆ

"ಮತ್ತೆ ಕರೆದಿರಾ ಅಮ್ಮ? ಕಣ್ಣು ಮುಚ್ಚಿ ನಾಲ್ಕು ಉಸಿರೂ ಎಳೆದಿರಲಿಲ್ಲ," ಎಂದಳು ಸಾವಂತ್ರಿ.

"ಧ್ಯಾನದಲ್ಲಿ ಇದ್ದೀಯೋ ಇಲ್ಲವೋ ನೋಡೋಣ ಅಂತ ಕರೆದೆ," ಎಂದರು ಗುರು ಹಾಲಮ್ಮ.

"ಬೆಳಗ್ಗೆಯಿಂದ ಇದು ಐದನೇ ಸಲ. ನಿದ್ದೆ ಬಂತೇ ಎಂದು ಕೂಸನ್ನು ಚಿವುಟಿ ಕೇಳಿದ ಹಾಗಾಯಿತು."

"ಬಾಯಿ ಜೋರಿದೆ. ಹೋಗು, ಕೂತುಕೋ."

ಕೂತಳು. ಆದರೆ ಮನಸ್ಸು ಕೂರಲಿಲ್ಲ. ಇಂದು ಏಳನೆಯ ದಿನ.

ಹೊಳೆದಂಡೆಯ ಆ ಆಶ್ರಮದಲ್ಲಿ ಹಾಲಮ್ಮ ತಾಮ್ರಕ್ಕೆ ಅಯೋಡಿನ್ ಕೂಡಿಸಿ ಒಂದು ಪುಡಿ ಮಾಡುತ್ತಿದ್ದರು. ನೋಡಲು ರವೆಯಂತೆ ಸಪ್ಪೆ. ನೇರಳೆ ದೀಪದ ಕೆಳಗೆ ಹಿಡಿದರೆ ಕೆಂಡದಂತೆ ಬೆಳಗುತ್ತಿತ್ತು, ಬಿಸಿಯಿಲ್ಲದ ಕೆಂಡ.

ಆ ಪುಡಿ ತುಂಬಿ, ಬಿರಟೆಗೆ ಅರಗು ಹಾಕಿದ ಕಪ್ಪು ಸೀಸೆಯೊಂದನ್ನು ಅವರು ಸಾವಂತ್ರಿಯ ಕೈಗಿಟ್ಟಿದ್ದರು.

"ಜೋಪಾನ ಮಾಡು. ಏಳನೆಯ ದಿನವೂ ಬೆಳಗಿದರೆ ಇದನ್ನು ಮಾಡುವ ವಿದ್ಯೆ ನಿನ್ನದು. ಇಲ್ಲದಿದ್ದರೆ ಹೊಳೆ ದಾಟಿ ಮನೆಗೆ ಹೋಗು."

ಮಧ್ಯಾಹ್ನ ಆರನೆಯ ಸಲ ಕರೆ ಬಂತು.

"ಸೀಸೆ ತಾ."

ಕತ್ತಲೆ ಕೋಣೆಯಲ್ಲಿ ನೇರಳೆ ದೀಪ ಉರಿಯುತ್ತಿತ್ತು. ಸಾವಂತ್ರಿ ಅರಗು ಬಿಡಿಸಿ ಪುಡಿಯನ್ನು ತಟ್ಟೆಗೆ ಸುರಿದಳು.

ಪುಡಿ ಬೆಳಗಲಿಲ್ಲ.

"ದೀಪವೇ ಸರಿಯಿಲ್ಲವೇನೋ ಅಮ್ಮ."

ಹಾಲಮ್ಮ ತಮ್ಮ ಸೀಸೆಯಿಂದ ಒಂದು ಚಿಟಿಕೆ ತೆಗೆದು ಪಕ್ಕಕ್ಕೆ ಉದುರಿಸಿದರು. ಅದು ಕೆಂಡವಾಯಿತು.

"ನಾನೇನೂ ಕೆಡಿಸಲಿಲ್ಲ. ಜೋಪಾನ ಮಾಡು ಅಂದಿರಿ. ಮಡಿಲಿಂದ ಕೆಳಗಿಳಿಸಲಿಲ್ಲ."

"ಅರಗು ಹೊಸದಾಗಿದೆಯಲ್ಲ?"

ಸಾವಂತ್ರಿ ತಲೆ ತಗ್ಗಿಸಿದಳು. "ಬೆಳಕು ಇದೆಯೋ ಹೋಯಿತೋ ಎಂಬ ದಿಗಿಲು. ದಿನಕ್ಕೊಂದು ಸಲ ತೆಗೆದು, ಈ ದೀಪಕ್ಕೆ ಹಿಡಿದು ನೋಡಿ ಮತ್ತೆ ಅರಗು ಹಾಕಿದೆ."

"ಒಂದೇ ಸಲವೇ?"

"ನಿನ್ನೆ ಐದು ಸಲ."

"ಬೆಳಕು ಇತ್ತೇ?"

"ಇತ್ತು. ಕೊಂಚ ಮಂಕಾಗಿತ್ತು. ಅದಕ್ಕೇ ಇನ್ನಷ್ಟು ದಿಗಿಲಾಗಿ ಇನ್ನೊಮ್ಮೆ ತೆಗೆದೆ."

ಹಾಲಮ್ಮ ಕಿಟಕಿ ತೆರೆದರು. ಹಗಲಿನಲ್ಲಿ ಸಾವಂತ್ರಿಯ ಪುಡಿಯ ಅಂಚು ಹಸಿರಾಗಿ ಕಂಡಿತು.

"ದಿನಾ ತಾಮ್ರದ ಬಿಂದಿಗೆ ತಿಕ್ಕುವ ಕೈ ನಿನ್ನದು. ಗಾಳಿಗೆ ಬಿಟ್ಟ ತಾಮ್ರಕ್ಕೆ ಏನು ಹತ್ತುತ್ತದೆ?"

"ಕಿಲುಬು."

ಅವಳು ಎದ್ದು ಹೋಗಿ ಬಟ್ಟೆಯ ಗಂಟು ಕಟ್ಟಿದಳು. ಗುರುವಿನ ಕಾಲಿಗೆರಗಿ ಹೊಸ್ತಿಲ ಬಳಿ ನಿಂತಳು. ಹೊಳೆಯಲ್ಲಿ ದೋಣಿ ಕಾಯುತ್ತಿತ್ತು.

"ಸಾವಂತ್ರಿ."

"ಹೇಳಿ ಅಮ್ಮ."

"ಒಂದು ಮಾತಿಗೆ ಉತ್ತರ ಕೊಟ್ಟು ದೋಣಿ ಹತ್ತು. ಅಲ್ಲಿಯವರೆಗೆ ಇಲ್ಲೇ ಇರು. ಬೆಳಗ್ಗೆ ನೀನು ನನ್ನನ್ನು 'ಮತ್ತೆ ಕರೆದಿರಾ' ಎಂದು ಕೇಳಿದೆ. ಈ ಸೀಸೆ ನಿನ್ನನ್ನು 'ಮತ್ತೆ ತೆಗೆದೆಯಾ' ಎಂದು ಕೇಳಿದ್ದರೆ, ಏನು ಹೇಳುತ್ತಿದ್ದೆ?"