ಕಂಚುಗಾರ ಹಕ್ಕಿಯ ಕೆಂಪು ಹಣೆ

ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ. ಬೆಟ್ಟಗಳು ಆಗಷ್ಟೇ ಎದ್ದು ನಿಂತಿದ್ದವು. ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು.

ಭೂಮಿತಾಯಿಗೆ ಆರು ಮಕ್ಕಳು, ಆರು ಋತುಗಳು. ಐವರು ಹೇಳಿದ ಹೊತ್ತಿಗೆ ಬಂದು, ಹೇಳಿದಷ್ಟು ದಿನ ಇದ್ದು ಹೋಗುತ್ತಿದ್ದರು. ವಸಂತ ಮಾತ್ರ ನಿಂತಲ್ಲಿ ನಿಲ್ಲುವವನಲ್ಲ. ಬೆಳಿಗ್ಗೆ ಬಂದ ಎನ್ನುವಷ್ಟರಲ್ಲಿ ಮಧ್ಯಾಹ್ನಕ್ಕೆ ಬೆಟ್ಟದಾಚೆ. ಅವನನ್ನು ನಂಬಿ ಮರಗಳು ಚಿಗುರಿದರೆ, ಒಂದು ದಿನ ಚಳಿ ಬಂದು ಚಿಗುರನ್ನು ಮುರುಟಿಸುತ್ತಿತ್ತು, ಇನ್ನೊಂದು ದಿನ ಬಿಸಿಲು ಬಂದು ಸುಡುತ್ತಿತ್ತು.

ಮರಗಳಿಗೆ ಸಾಕಾಯಿತು. "ಇನ್ನು ನಾವು ಮೊಗ್ಗು ಬಿಚ್ಚುವುದಿಲ್ಲ" ಎಂದುಬಿಟ್ಟವು. ಎಲೆ ಇಲ್ಲ, ಹೂವಿಲ್ಲ, ಹಣ್ಣಿಲ್ಲ. ಹಕ್ಕಿಗಳ ಹೊಟ್ಟೆ ಬೆನ್ನಿಗೆ ಹತ್ತಿತು.

ಒಂದು ಕಾಡಿನಲ್ಲಿ ಚಿಟ್ಟು ಎಂಬ ಹಕ್ಕಿ ಇದ್ದಳು. ಹಿಡಿಯಷ್ಟು ಮೈ, ಮೈಯೆಲ್ಲ ಹಸಿರು. ಅವಳಿಗೆ ಬರುತ್ತಿದ್ದದ್ದು ಒಂದೇ ಸ್ವರ, ಕಂಚಿನ ಪಾತ್ರೆಗೆ ಬಡಿದ ಹಾಗೆ, ಟುಂಕ್. ಪೊಟರೆಯಲ್ಲಿ ಮೂರು ಮರಿಗಳು ಹಸಿದು ಬಾಯಿ ತೆರೆದಿದ್ದವು. ಅದನ್ನು ನೋಡಲಾರದೆ ಚಿಟ್ಟು ಬೆಟ್ಟ ದಾಟಿ ಹೋಗಿ ವಸಂತನನ್ನು ಹುಡುಕಿದಳು.

"ಅಣ್ಣಾ, ನಮ್ಮಲ್ಲಿ ಯಾಕೆ ನಿಲ್ಲೋದಿಲ್ಲ ನೀನು?"

"ನಿಲ್ಲು ಅಂದವರು ಯಾರಮ್ಮ? ಮರಗಳೂ ಬಾಗಿಲು ಹಾಕಿಕೊಂಡಿವೆ."

"ನಾನು ಕರೀತೀನಿ. ನನ್ನ ದನಿ ಕೇಳ್ತಾ ಇರೋವರೆಗೂ ನೀನು ದೂರ ಹೋಗಬಾರದು."

ವಸಂತ ನಕ್ಕ. "ಕೋಗಿಲೆಯೇ ಕೂಗಿ ಕೂಗಿ ದಣಿಯುತ್ತೆ. ನೀನೆಷ್ಟು ಹೊತ್ತು ಕರೆದೀಯೆ?"

"ನೀನು ಬರೋವಷ್ಟು ಹೊತ್ತು" ಎಂದಳು ಚಿಟ್ಟು.

ಕಾಡಿಗೆ ಮರಳಿ, ಬೋಳು ಅತ್ತಿಮರದ ತುತ್ತತುದಿಯಲ್ಲಿ ಕೂತು ಕರೆಯತೊಡಗಿದಳು. ಟುಂಕ್, ಟುಂಕ್, ಟುಂಕ್. ವಸಂತ ಯಾವ ದಿಕ್ಕಿಗೆ ಹೋಗಿರುತ್ತಾನೋ ಏನೋ! ಅದಕ್ಕೆ ತಲೆಯನ್ನು ಈ ಕಡೆ ತಿರುಗಿಸಿ ಒಮ್ಮೆ, ಆ ಕಡೆ ತಿರುಗಿಸಿ ಒಮ್ಮೆ. ಮೂಡಣಕ್ಕೆ ಹೊರಟ ವಸಂತ ತಿರುಗಿ ಬಂದ. ಪಡುವಣಕ್ಕೆ ಹೊರಟವನು ಮತ್ತೆ ತಿರುಗಿ ಬಂದ.

ಏಳನೆಯ ದಿನ ಬಿಸಿಲು ಕೆಂಡವಾಯಿತು. ಚಿಟ್ಟುವಿನ ಹಣೆ ಸುಟ್ಟು ಕೆಂಪಾಯಿತು.

ಅತ್ತಿಮರಕ್ಕೆ ತಡೆಯಲಾಗಲಿಲ್ಲ. "ಸಾಕು ತಂಗಿ, ನೆರಳಿಗೆ ಬಾ."

"ನಿನ್ನಲ್ಲಿ ನೆರಳೆಲ್ಲಿದೆ ಅಕ್ಕಾ? ಒಂದು ಎಲೆ ಬಿಡು, ಬರ್ತೀನಿ."

ಅತ್ತಿಯ ಎದೆ ಕರಗಿತು. ಒಂದು ಚಿಗುರು ಬಿಚ್ಚಿತು. ಅದನ್ನು ಕಂಡು ಹೊಂಗೆ ಬಿಚ್ಚಿತು, ಬೇವು ಬಿಚ್ಚಿತು, ಮಾವು ಮೈತುಂಬ ಹೂ ಬಿಟ್ಟಿತು. ಇಷ್ಟು ಮನೆಗಳ ಬಾಗಿಲು ತೆರೆದದ್ದನ್ನು ನೋಡಿ ವಸಂತನ ಕಾಲು ಅಲ್ಲೇ ನಿಂತಿತು.

"ನಿನ್ನ ಹಣೆಯ ಸುಟ್ಟ ಗುರುತು ಅಳಿಸಿಬಿಡ್ಲಾ?" ಎಂದು ಕೇಳಿದ.

ಚಿಟ್ಟು ಕತ್ತು ಎತ್ತಿದಳು. "ಬೇಡ ಅಣ್ಣಾ. ಇದು ಯಾರೂ ಕೊಟ್ಟದ್ದಲ್ಲ, ನಾನೇ ಸಂಪಾದಿಸಿದ್ದು. ನನ್ನ ಮಕ್ಕಳಿಗೂ ಇರಲಿ."

ವಸಂತನಾದರೋ ಅಲೆಯುವ ಬುದ್ಧಿಯನ್ನು ಪೂರ್ತಿ ಬಿಡಲಿಲ್ಲ. ಅವನ ದಿನಗಳಲ್ಲಿ ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಉರಿ, ಸಂಜೆಗೆ ಎಲ್ಲಿಂದಲೋ ನಾಲ್ಕು ಹನಿ ಮಳೆ.

ಅದಕ್ಕೇ ಮಗು, ಇವತ್ತಿಗೂ ಚಿಗುರುವ ಕಾಲ ಬಂದರೆ ಬೋಳುಕೊಂಬೆಯ ತುದಿಯಲ್ಲಿ ಹಿಡಿಯಷ್ಟು ಹಸಿರು ಹಕ್ಕಿಯೊಂದು ಕೆಂಪು ಹಣೆಯನ್ನು ಬಿಸಿಲಿಗೇ ಒಡ್ಡಿ, ತಲೆಯನ್ನು ಅತ್ತ ಇತ್ತ ತಿರುಗಿಸುತ್ತ, ಟುಂಕ್ ಟುಂಕ್ ಎಂದು ದಿನವಿಡೀ ಕರೆಯುತ್ತಲೇ ಇರುತ್ತದೆ.