ಗಾಜಿನ ಕೋಣೆಯ ಹೀಟರ್

ಪೂಣಚ್ಚ ಮನೆಗೆ ಸೇರಿಸಿ, ಬಿಸಿಲಿಗೆ ಕೂರಲೆಂದು ಒಂದು ಗಾಜಿನ ಕೋಣೆ ಕಟ್ಟಿಸಿದ. ಎರಡು ಪದರದ ಗಾಜು ಬಿಸಿ ಹಿಡಿದಿಡುತ್ತದೆ ಎಂದು ಬಡಗಿ ಹೇಳಿದರೂ, ಥಳಥಳ ಹೊಳೆಯುವ ತೆಳು ಗಾಜನ್ನೇ ಹಾಕಿಸಿ, ಚಳಿಗೆಂದು ಒಂದು ಹೀಟರ್ ತಂದಿಟ್ಟ.

ಹೀಟರ್ ಚಳಿಗಾಲವಿಡೀ ಮೈ ಕೆಂಪಾಗುವಂತೆ ಉರಿದರೂ ಕೋಣೆ ಬೆಚ್ಚಗಾಗಲಿಲ್ಲ. ಕೊನೆಗೆ ಅದು ರೇಗಿ ಗಾಜನ್ನು ಕೇಳಿತು: "ಎಲವೋ, ನಾನು ಕೊಟ್ಟ ಬಿಸಿಯೆಲ್ಲ ಎಲ್ಲಿಗೆ ಹೋಯಿತು?"

"ಹೊರಗೆ ಹೋಯಿತು. ನನ್ನನ್ನು ತಂದದ್ದು ಹೊಳೆಯುವುದಕ್ಕೆ, ನಿನ್ನ ಬಿಸಿ ಹಿಡಿದಿಡುವುದಕ್ಕಲ್ಲ," ಎಂದಿತು ಗಾಜು.

"ಹಾಗಾದರೆ ನಾನು ಇಷ್ಟು ದಿನ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವ ಕೆಲಸವೇ!" ಎಂದು ಹೀಟರ್ ಕಿಡಿಕಾರಿತು.

ಅಷ್ಟರಲ್ಲಿ ಪೂಣಚ್ಚ ನಡುಗುತ್ತ ಬಂದ. ಗಾಜನ್ನು ಮುದ್ದಿನಿಂದ ಒರೆಸಿ, ಹೀಟರನ್ನು ಒದ್ದ. "ದಂಡಪಿಂಡ! ಕರೆಂಟು ತಿನ್ನುವುದೊಂದೇ ಗೊತ್ತು ನಿನಗೆ!" ಎಂದು ಬೈದು ಅದನ್ನು ಅಂಗಳಕ್ಕೆ ಎಸೆದು, ಇನ್ನೂ ದೊಡ್ಡ ಹೀಟರ್ ತಂದು ಹಚ್ಚಿದ.

ಅಂಗಳದಲ್ಲಿ ಒಂದು ಬೀದಿನಾಯಿ ಗಾಜಿಗೆ ಬೆನ್ನೊತ್ತಿ ಮಲಗಿತ್ತು. ಅದು ಅರ್ಧ ಕಣ್ಣು ತೆರೆದು ಹೇಳಿತು: "ಬಾರಣ್ಣ, ಸಿಟ್ಟು ಮಾಡಿಕೊಳ್ಳಬೇಡ. ನೀನು ಚೆನ್ನಾಗಿಯೇ ದುಡಿದೆ. ಆದರೆ ಹೊಸಬ ನನ್ನ ಬೆನ್ನನ್ನು ನಿನಗಿಂತ ಚೆನ್ನಾಗಿ ಕಾಯಿಸುತ್ತಿದ್ದಾನೆ."