ಬೋರಕ್ಕ ಹೇಳಿದ ಅರ್ಥ

ಹಾಸ್ಟೆಲ್ ವಾರ್ಡನ್ ತಿಪ್ಪೇರುದ್ರಪ್ಪನವರು ಹುಡುಗರ ಆರೋಗ್ಯಕ್ಕೆಂದು ತಾವೇ ಕಂಡುಹಿಡಿದ ತಿಂಡಿ ಹಾಗಲಕಾಯಿ ಉಪ್ಪಿಟ್ಟು. ಮೊದಲ ದಿನವೇ ಮುಕ್ಕಾಲು ಪಾತ್ರೆ ಹಾಗೇ ಉಳಿಯಿತು.

"ಫ್ಲಾಪ್ ಆಯ್ತು ಸಾರ್," ಎಂದಳು ಅಡುಗೆಯ ಬೋರಕ್ಕ.

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ವಾರ್ಡನ್ ಕೆಂಡಾಮಂಡಲವಾದರು.

"ಎಬಿಸಿಡಿ ಬರದವಳು ನನಗೇ ಇಂಗ್ಲಿಷ್ ಹೇಳ್ತೀಯಾ? ಆ ಮಾತಿನ ಅರ್ಥ ಏನು, ಹೇಳು. ಹೇಳದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ!"

ಬೋರಕ್ಕ ಜಗ್ಗಲಿಲ್ಲ. ಹುಡುಗರ ಬಾಯಲ್ಲಿ ದಿನಾ ಕೇಳುವ ಮಾತು ಅದು. ಆಡಿದ ಮೇಲೆ ವಾಪಸ್ ತಗೊಳ್ಳುವ ಹೆಂಗಸಲ್ಲ ಅವಳು.

"ಹೇಳ್ತೀನಿ ಸಾರ್. ಮೊದ್ಲು ತಿಂಡಿ ತಿನ್ನಿ," ಎಂದು ತಟ್ಟೆ ತುಂಬ ಉಪ್ಪಿಟ್ಟು ಬಡಿಸಿದಳು.

ಇಡೀ ಹಾಸ್ಟೆಲ್ ನೋಡುತ್ತಿತ್ತು. ವಾರ್ಡನ್ ಮುಖ ಸಿಂಡರಿಸದೆ ಎಲ್ಲವನ್ನೂ ನುಂಗಿದರು. ಕಣ್ಣಲ್ಲಿ ನೀರು ತುಂಬಿತು. "ಅಮೃತ!" ಎಂದರು.

"ಹಂಗಾದ್ರೆ ಇನ್ನೊಂದು ಸೌಟು," ಎಂದು ಬೋರಕ್ಕ ಬಗ್ಗಿದಳು.

ವಾರ್ಡನ್ ಗಾಬರಿಬಿದ್ದು ಎರಡೂ ಕೈಯನ್ನು ತಟ್ಟೆಗೆ ಅಡ್ಡ ಹಿಡಿದರು.

"ಅರ್ಥ ಇದೇ ಸಾರ್," ಎಂದಳು ಬೋರಕ್ಕ. "ನಾಳೆಗೆ ಏನ್ ಮಾಡ್ಲಿ?"

"ಚಿತ್ರಾನ್ನ," ಎಂದರು ವಾರ್ಡನ್, ಕೈ ಮಾತ್ರ ತೆಗೆಯಲಿಲ್ಲ.